ಅರವತ್ತು ಕಿಲೋದ ಮಾದರಿ ರೋಗಿ

ತಂತ್ರಾಂಶದ ಗುಣಮಟ್ಟವೆಂಬುದು ಎಲ್ಲರೂ ಹೊಗಳುವ, ಆದರೆ ಅದಕ್ಕಾಗಿ ಯಾರೂ ಕಾಯಲೊಲ್ಲದ ವಿಷಯ. ಆ ಕ್ಷೇತ್ರದಲ್ಲಿ ಮೂರು ದಶಕ ನಿಂತು, ಉಳಿದವರನ್ನೂ ನಿಲ್ಲಿಸಿದವರು ಇಂದು ನಿವೃತ್ತರಾಗುತ್ತಿರುವ ನಮ್ಮ ಗುಣಮಟ್ಟ ವಿಭಾಗದ ಮುಖ್ಯಸ್ಥೆ. ಅವರ ಪದನಾಮ ಬಾಗಿಲ ಫಲಕದಲ್ಲಿ ಎರಡು ಸಾಲು ಹಿಡಿಯುತ್ತದೆ. ಕಚೇರಿಯ ಬಾಯಲ್ಲಿ ಅವರು ಬರೀ ಗುಣಕ್ಕ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಮೊದಲ ಪ್ರೋಗ್ರಾಮನ್ನು ತಪ್ಪುಗಳ ಸಮೇತ ವಾಪಸು ಕಳಿಸಿದವರೂ ಅವರೇ, ಊಟದ ಡಬ್ಬಿ ಹಿಡಿದು ಬಂದು ಪಕ್ಕದಲ್ಲಿ ಕೂತು ತಿದ್ದಿಸಿದವರೂ ಅವರೇ. ಮೇಲಿನವರ ಮುಂದೆ ಮಾತ್ರ, "ನಾವಿಬ್ರೂ ಸೇರಿ ಹುಡುಕಿದ್ವಿ" ಎಂದಿದ್ದರು.

ತಂತ್ರಾಂಶ ಸಂಸ್ಥೆಯೊಂದರ ಕೆಲಸದ ಪ್ರಕ್ರಿಯೆ ಎಷ್ಟು ಪಕ್ವವೆಂದು ಅಳೆಯಲು ಐದು ಹಂತಗಳಿವೆ. ಮೊದಲನೆಯದರಲ್ಲಿ ಕೆಲಸ ಅದೃಷ್ಟದಿಂದ ನಡೆಯುತ್ತದೆ. ಐದನೆಯದರಲ್ಲಿ ತಪ್ಪುಗಳೂ ಶಿಸ್ತಿನಿಂದ ನಡೆದುಕೊಳ್ಳುತ್ತವೆ. ಆಸ್ಪತ್ರೆಗಳಿಗೆ ಔಷಧದ ಪ್ರಮಾಣ ಲೆಕ್ಕಹಾಕುವ ತಂತ್ರಾಂಶ ನಮ್ಮದು. ಕೆಲವು ವರ್ಷಗಳ ಹಿಂದೆ, ಐದನೇ ಹಂತ ದಕ್ಕದಿದ್ದರೆ ದೊಡ್ಡ ಆಸ್ಪತ್ರೆಯೊಂದರ ಗುತ್ತಿಗೆ ಕೈತಪ್ಪಬಹುದಿತ್ತು. ಅದನ್ನೇ ನೆಚ್ಚಿದ್ದ ನಮ್ಮ ವಿಭಾಗವೂ ಮುಚ್ಚಬಹುದಿತ್ತು. ಹಂತ ನಿರ್ಧರಿಸುವ ಮೌಲ್ಯಮಾಪಕರು ಬರುವ ಮೊದಲಿನ ವಾರಗಳಲ್ಲಿ ಯಾರಿಗೂ ಊಟ ಸೇರಲಿಲ್ಲ. ಉತ್ತರಗಳನ್ನು ಬಾಯಿಪಾಠ ಮಾಡಿದೆವು. ಪ್ರಾತ್ಯಕ್ಷಿಕೆಗೆ ಒಬ್ಬ ಮಾದರಿ ರೋಗಿಯಿದ್ದ, ತೂಕ ಅರವತ್ತು ಕಿಲೋ. ಅವನಿಗೆ ದಿನಕ್ಕೆ ಹಲವು ಸಲ ಔಷಧ ಕೊಟ್ಟೆವು. ಅಷ್ಟು ಚೆನ್ನಾಗಿ ನೋಡಿಕೊಂಡ ರೋಗಿ ಲೋಕದಲ್ಲಿ ಇನ್ನೊಬ್ಬನಿರಲಾರ.

ಮೌಲ್ಯಮಾಪನದ ದಿನ ಗುಣಕ್ಕನವರೇ ಕೀಲಿಮಣೆಯ ಮುಂದೆ ಕೂತರು. ಆ ಆವೃತ್ತಿ ಅದೇ ರಾತ್ರಿ ಆಸ್ಪತ್ರೆಗಳಿಗೆ ಬಿಡುಗಡೆಯಾಗಬೇಕಿತ್ತು. ಅವರ ತಂಗಿಯ ಮೊಮ್ಮಗು ತಿಂಗಳು ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದೇ ಮನಸ್ಸಿನಲ್ಲಿತ್ತೇನೋ, ಮಾದರಿ ರೋಗಿಯನ್ನು ಬಿಟ್ಟು ಒಂದೂಕಾಲು ಕಿಲೋ ಎಂದು ಒತ್ತಿದರು. ತಂತ್ರಾಂಶ ಅದನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಿ ಎರಡು ಕಿಲೋ ಮಾಡಿಕೊಂಡು, ಅದಕ್ಕೆ ತಕ್ಕ ಔಷಧ ತೋರಿಸಿತು. ಗುಣಕ್ಕ ಕೀಲಿಮಣೆಯಿಂದ ಕೈ ತೆಗೆದರು.

"ಇದು ಹೋಗೋ ಹಾಗಿಲ್ಲ. ಬಿಡುಗಡೆ ನಿಲ್ಲಿಸಿ."

ವ್ಯವಸ್ಥಾಪಕರು ಬೆವರೊರೆಸಿಕೊಂಡು ಬಗ್ಗಿ ಪಿಸುಗುಟ್ಟಿದರು: "ಅಕ್ಕಾ, ಇವ್ರು ಹೋಗ್ಲಿ, ನಾಳೆ ನೋಡೋಣ."

"ನಾಳೆ ಇದು ವಾರ್ಡಿನಲ್ಲಿ ಇರತ್ತಲ್ಲಪ್ಪಾ."

ಮೌಲ್ಯಮಾಪಕರು ಕನ್ನಡಕ ಸರಿಮಾಡಿಕೊಂಡರು. "ಬಿಡುಗಡೆ ನಿಲ್ಸೋಕೆ ಮೂರು ಜನರ ಒಪ್ಪಿಗೆ ಬೇಕು ಅಂತ ನಿಮ್ಮ ನಿಯಮದಲ್ಲೇ ಇದೆ. ತಗೊಂಡ್ರಾ?"

"ಇಲ್ಲ."

ಐದನೇ ಹಂತ ಹೋಯಿತು. ಕಾರಣ ತಪ್ಪು ಲೆಕ್ಕವಲ್ಲ, ಒಪ್ಪಿಗೆಯಿಲ್ಲದೆ ನಿಲ್ಲಿಸಿದ್ದು. ಕೊಠಡಿಯ ಹೊರಗೆ ನಾವು ಮೌಲ್ಯಮಾಪಕರನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರೆ, ಗುಣಕ್ಕ ನಮ್ಮನ್ನೇ ಗದರಿದರು: "ಅವ್ರು ಬರೆದಿದ್ದು ಸರಿಯಾಗೇ ಇದೆ ಕಣ್ರೋ. ನಿಯಮ ಬರೆದೋಳೂ ನಾನೇ, ಮುರಿದೋಳೂ ನಾನೇ. ಈಗ ಬದಲಾಯಿಸೋಳೂ ನಾನೇ."

ಬದಲಾಯಿಸಿದರು. ಅನುಮಾನ ಬಂದವರು ಯಾರೇ ಆಗಲಿ, ಒಬ್ಬರೇ ಬಿಡುಗಡೆಯನ್ನು ನಿಲ್ಲಿಸಬಹುದು, ವಿವರಣೆ ಆಮೇಲೆ. ಲೆಕ್ಕ ತಿದ್ದಿದ ಮೇಲೆ ಆಸ್ಪತ್ರೆಯವರು ಗುತ್ತಿಗೆಯನ್ನು ಒಂದು ವರ್ಷದ ಮಟ್ಟಿಗೆ ಪರೀಕ್ಷಾರ್ಥ ಕೊಟ್ಟರು. ವರ್ಷ ವರ್ಷವೂ ಹಾಗೆಯೇ ಕೊಡುತ್ತಿದ್ದಾರೆ, ವರ್ಷ ವರ್ಷವೂ ನಾವು ಹಾಗೆಯೇ ಹೆದರುತ್ತಿದ್ದೇವೆ.

ಗುಣಕ್ಕನವರಿಗೆ ಆಯುರಾರೋಗ್ಯಗಳು ತುಂಬಿರಲಿ. ಅವರು ಬರೆಯಲು ತೊಡಗಿರುವ ಪರೀಕ್ಷಕರ ಕೈಪಿಡಿ ಬೇಗ ಮುಗಿಯಲಿ. ಈ ಹಾರೈಕೆಯಲ್ಲಿ ಸ್ವಾರ್ಥವೂ ಇದೆ. ಸೋಮವಾರ ಹೊಸ ಆವೃತ್ತಿ ಹೊರಡಬೇಕು. ಫೋನ್ ಹತ್ತಿರವೇ ಇಟ್ಟುಕೊಂಡಿರಿ ಎಂದು ಮೊನ್ನೆ ಬೇಡಿಕೊಂಡೆವು. "ಎತ್ತಲ್ಲ," ಎಂದರು. "ಅನುಮಾನ ಬಂದ್ರೆ ನೀವೇ ನಿಲ್ಸಿ."

ನಮ್ಮ ಭಯವೆಲ್ಲ ಅದೇ: ಇನ್ನು ಅನುಮಾನ ಬರಬೇಕಾದದ್ದು ನಮಗೇ.