ಅಪ್ಪನ ಗುಂಡು ಹ್ಯಾಟು

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರ ತಾಲ್ಲೂಕಿನಲ್ಲಿ ದನದ ಆಸ್ಪತ್ರೆಯ ನೌಕರನಾಗಿದ್ದೆ. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ನಮ್ಮ ಹಳ್ಳಿಗಳಲ್ಲಿ ಸೂಜಿ ಹಿಡಿದು ಹಟ್ಟಿಗೆ ಬಂದವರೆಲ್ಲ ಡಾಕ್ಟರೇ. ಮನೆ ಶ್ರೀರಂಗಪಟ್ಟಣದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಊರೂರು ಸುತ್ತುವ ಈ ಕೆಲಸದಲ್ಲೇ ನನಗೊಂದು ಗೀಳು ಅಂಟಿಕೊಂಡಿತು. ಹಳೆಯ ಹ್ಯಾಟುಗಳನ್ನು ಕೂಡಿಹಾಕುವ ಗೀಳು.

ಎಲ್ಲ ಹ್ಯಾಟುಗಳಲ್ಲ. ಗಟ್ಟಿ ಉಣ್ಣೆಯ, ನೆತ್ತಿ ದುಂಡಗಿರುವ, ಅಂಚು ಎರಡೂ ಪಕ್ಕ ಮೇಲಕ್ಕೆ ಸುರುಳಿ ಸುತ್ತಿಕೊಂಡಿರುವ ಕರಿ ಹ್ಯಾಟು. ಅಮೆರಿಕದವರು ಅದನ್ನು ಡರ್ಬಿ ಅನ್ನುತ್ತಾರಂತೆ, ಇಂಗ್ಲಿಷರು ಬೌಲರ್ ಅನ್ನುತ್ತಾರಂತೆ. ನಮ್ಮ ಕಡೆಯವರು ಗುಂಡು ಟೋಪಿ ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದಾರೆ. ಮೊದಲನೆಯದು ಸಿಕ್ಕಿದ್ದು ಬೆಳಗೊಳದಲ್ಲಿ. ಎಮ್ಮೆಯ ಹೆರಿಗೆ ಕಷ್ಟವಾಗಿ ನಾನು ಮೊಣಕೈವರೆಗೆ ಒದ್ದಾಡಿ ಕರು ತೆಗೆದಿದ್ದೆ. ಮನೆಯವರು ಖುಷಿಯಾಗಿ, ಅಟ್ಟದ ಮೇಲೆ ಜೇಡರ ಬಲೆಯಲ್ಲಿ ಬಿದ್ದಿದ್ದ ಹ್ಯಾಟನ್ನು ಕೊಡವಿ ನನ್ನ ತಲೆಗೇ ಇಟ್ಟುಬಿಟ್ಟರು. ಅದನ್ನು ಹಾಕಿಕೊಂಡೇ ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಊರೋರಿಗೆಲ್ಲ ಟೋಪಿ ಹಾಕೋರ್ನ ಕಂಡಿದ್ದೆ, ತನಗೆ ತಾನೇ ಹಾಕ್ಕೊಂಡ್ ಬಂದೋರ್ನ ಇವತ್ತೇ ಕಂಡಿದ್ದು" ಅಂದಳು.

ಆಮೇಲೆ ನಾನು ಯಾವ ಹಟ್ಟಿಗೆ ಹೋದರೂ ಮೊದಲು ದನ ನೋಡುತ್ತಿದ್ದೆ, ಆಮೇಲೆ ಅಟ್ಟ ನೋಡುತ್ತಿದ್ದೆ. ಬಿಂಡಿಗನವಿಲೆಗೆ ನೆಂಟರ ಮದುವೆಗೆ ಹೋದಾಗ ಒಂದು ಮನೆಯ ಮೂಲೆಯಲ್ಲಿ ಕೋಳಿಯೊಂದು ಗುಂಡು ಹ್ಯಾಟಿನೊಳಗೆ ಕಾವಿಗೆ ಕೂತಿತ್ತು. ಮರಿ ಆಗುವವರೆಗೆ ಎಬ್ಬಿಸುವಂತಿಲ್ಲ. ನಾಗಮಂಗಲದ ಬಸ್ಸು ಹತ್ತಿ ಮತ್ತೆ ಹೋಗಿ ಅದನ್ನು ತಂದೆ. ಕೋಳಿ ನನ್ನ ಮೇಲೆ ಮುನಿಸಿಕೊಂಡಿತ್ತು, ಹೆಂಡತಿಯೂ.

ಕೂಡಿಹಾಕುವುದು ಸುಲಭ, ಯಾವುದು ಎಷ್ಟು ಹಳೆಯದು ಎಂದು ಹೇಳುವುದೇ ಕಷ್ಟ. ಮೈಸೂರಿನ ಫುಟ್‌ಪಾತಿನಲ್ಲಿ ಸಿಕ್ಕ, ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕವೇ ನನ್ನ ಗುರು. ಉಳಿದದ್ದನ್ನು ತಪ್ಪು ಮಾಡಿ ಕಲಿತೆ. ಹಳೆಯ ಹ್ಯಾಟಿಗೆ ಅರಗು ಕುಡಿಸಿ ಗಟ್ಟಿ ಮಾಡಿರುತ್ತಾರೆ. ಉಗುರಿನಿಂದ ತಟ್ಟಿದರೆ ಒಣಗಿದ ಸೋರೆಬುರುಡೆಯ ಸದ್ದು ಬರುತ್ತದೆ. ಹಣೆಗೆ ತಾಗುವ ಕಡೆ ಒಳಗೊಂದು ಚರ್ಮದ ಪಟ್ಟಿ ಇರುತ್ತದೆ, ಅದನ್ನು ಮಗುಚಿ ಹೊಲಿಗೆ ನೋಡಬೇಕು. ಹೊರಗೆ ಸುತ್ತ ಕಟ್ಟಿದ ಬಟ್ಟೆಯ ಪಟ್ಟಿಯಿಂದ ಒಂದು ಎಳೆ ಕಿತ್ತು ಸುಡಬೇಕು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನಾದರೆ ಕರಗಿ ಮಣಿಯಾಗುತ್ತದೆ. ಕೆ.ಆರ್. ಪೇಟೆಯಲ್ಲಿ ನೂರು ವರ್ಷದ್ದೆಂದು ಎದೆಗವಚಿಕೊಂಡು ತಂದ ಹ್ಯಾಟು ಹೀಗೆ ಮಣಿಯಾಗಿ ಕೂತಿತು. ಅದು ನಾಟಕ ಕಂಪನಿಯದು, ಬೂಟ್ ಪಾಲಿಶ್ ಬಳಿದಿದ್ದರು. ಮೂರು ದಿನ ನನ್ನ ಹಣೆ ಕಪ್ಪಗಿತ್ತು.

ಈ ಗೀಳಿನ ಸುದ್ದಿ ನನಗಿಂತ ಮುಂಚೆ ಊರುಗಳಿಗೆ ಹೋಗಿ ತಲುಪುತ್ತಿತ್ತು. ಹಾಗೆ ಕ್ಯಾತನಹಳ್ಳಿಯ ಆ ಮನೆಗೂ ತಲುಪಿತ್ತು.

ಕಬ್ಬು ಬೆಳೆಯುವ, ಚೆನ್ನಾಗಿ ಬಾಳಿದ ಮನೆ. ಅಣ್ಣತಮ್ಮಂದಿರು ಇಬ್ಬರು. ಭಾಗವಾದಾಗ ತೊಟ್ಟಿಯಂಗಳದ ನಟ್ಟನಡುವೆ ಗೋಡೆ ಎಬ್ಬಿಸಿದ್ದರು. ಮುಂದಿನ ಜಗಲಿ ಮಾತ್ರ ಒಂದೇ ಉಳಿದಿತ್ತು. ತಾಯಿ ಒಂದು ತಿಂಗಳು ಅಣ್ಣನಲ್ಲಿ, ಒಂದು ತಿಂಗಳು ತಮ್ಮನಲ್ಲಿ ಉಣ್ಣುತ್ತಿದ್ದರು. ಅಣ್ಣತಮ್ಮಂದಿರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಜಮೀನಿಗಾಗಿ ಅಲ್ಲ, ನೀರಿಗಾಗಿ ಅಲ್ಲ. ಅಪ್ಪನ ಗುಂಡು ಹ್ಯಾಟಿಗಾಗಿ.

ಅವರಪ್ಪ ಚಿಕ್ಕವಯಸ್ಸಿನಲ್ಲಿ ಕನ್ನಂಬಾಡಿ ಕಟ್ಟೆ ಕಟ್ಟುವಾಗ ಅಲ್ಲಿ ಕೂಲಿಗೆ ಹೋಗಿದ್ದರಂತೆ. ಅಳತೆ ಮಾಡುವ ಬಿಳಿಯ ಸಾಹೇಬನೊಬ್ಬ ಊರಿಗೆ ಹೊರಡುವಾಗ ತನ್ನ ಹ್ಯಾಟು ಕೊಟ್ಟನಂತೆ. ಅವತ್ತಿನಿಂದ ಪಂಚೆಯ ಮೇಲೆ ಗುಂಡು ಹ್ಯಾಟು ಹಾಕಿಕೊಂಡೇ ಆ ಮನುಷ್ಯ ಸಂತೆಗೆ, ಮದುವೆಗೆ, ಗದ್ದೆಗೆ ಹೋಗುತ್ತಿದ್ದರು. ಅವರು ಹೋದ ಮೇಲೆ ಆ ಹ್ಯಾಟಿಗೆ ಬೇರೆಯೇ ಬೆಲೆ ಬಂತು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವಲ್ಲ. ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ಬೀಡಿ, ಹೊಸ ಬಟ್ಟೆ ಎಲ್ಲ ಬಾಳೆಲೆಯ ಮುಂದಿಟ್ಟು, ಬಾಗಿಲು ಮುಂದೆ ಮಾಡಿ ಹೊರಗೆ ಬಂದು ನಿಲ್ಲುತ್ತೇವೆ. ಅಷ್ಟು ಹೊತ್ತಿನಲ್ಲಿ ಹಿರಿಯರು ಬಂದು ಉಂಡು ಹೋಗುತ್ತಾರೆ. ಆ ಮನೆಯಲ್ಲಿ ಎಡೆಯ ಮುಂದೆ ಹ್ಯಾಟೂ ಇರಬೇಕು. ಹ್ಯಾಟು ಇರುವ ಮನೆಗೆ ಅಪ್ಪ ಬರುತ್ತಾನೆ, ಇಲ್ಲದ ಮನೆಗೆ ಬರುವುದಿಲ್ಲ ಎಂಬುದು ಇಬ್ಬರ ನಂಬಿಕೆ.

ತೊಂದರೆ ಏನೆಂದರೆ, ಹ್ಯಾಟು ಎರಡಿದ್ದವು. ಭಾಗವಾದಾಗ ತಾಯಿ ಅಣ್ಣನಿಗೆ ಒಂದು ಕೊಟ್ಟಿದ್ದರು. ತಮ್ಮ ಊಟ ಬಿಟ್ಟು ಕೂತ. ಸ್ವಲ್ಪ ದಿನದ ಮೇಲೆ ಪೆಟ್ಟಿಗೆಯಲ್ಲಿ ಇನ್ನೊಂದು ಸಿಕ್ಕಿತೆಂದು ಅವನಿಗೂ ಕೊಟ್ಟರು. ನಿಂದು ಸುಳ್ಳಿಂದು ಅಂತ ಇವನು, ನಿಂದೇ ಸುಳ್ಳಿಂದು ಅಂತ ಅವನು. ಅಲ್ಲಿಗೆ ಮಾತು ನಿಂತಿತು.

ಅಮಾವಾಸ್ಯೆ ಹತ್ತಿರವಿದ್ದಾಗ ಅಣ್ಣನ ಹಸುವಿಗೆ ಕೆಚ್ಚಲು ಬಾತಿದೆ ಎಂದು ನನ್ನನ್ನು ಕರೆಸಿದರು. ಮದ್ದು ಕೊಟ್ಟು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಪಕ್ಕದಲ್ಲೇ ತಾಯಿ ಮೊರದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಅಣ್ಣ ಒಳಗಿನಿಂದ ಹ್ಯಾಟು ತಂದು ನನ್ನ ಮುಂದಿಟ್ಟರು. "ನೀವು ಟೋಪಿ ವಯಸ್ಸು ಯೋಳ್ತೀರಂತಲ್ಲ ಡಾಕ್ಟ್ರೇ. ಇದ್ನ ನೋಡ್ಬುಟ್ಟು ಯೋಳಿ. ಊರೋರ್ಗೂ ಒಂದ್ಸಲ ಗೊತ್ತಾಗ್ಲಿ."

ಗೋಡೆಯಾಚೆಗೆ ಕೇಳಿಸಿತೋ ಏನೋ, ತಮ್ಮನೂ ತನ್ನ ಹ್ಯಾಟು ಹಿಡಿದು ಬಂದು ಜಗಲಿಯ ಆ ತುದಿಯಲ್ಲಿ ನಿಂತರು. ಅಣ್ಣನ ಮುಖ ನೋಡದೆ ನನಗೆ ಹೇಳಿದರು. "ಇದ್ನೂ ನೋಡ್ಬುಡಿ ಸಾ. ಯಾವ್ದು ದಿಟ ಅನ್ನೋದು ಇವತ್ತೇ ತೀರ್ಮಾನ ಆಗೋಗ್ಲಿ."

ನನಗೆ ರೇಗಿತು. ಐವತ್ತರ ಆಸುಪಾಸಿನ ಗಂಡಸರು, ಸೊಸೆ ಬರುವ ವಯಸ್ಸು. ಒಂದು ಹ್ಯಾಟಿಗೆ ಒಡಹುಟ್ಟಿದವರು ಹಾವು ಮುಂಗುಸಿ ಆಗಿದ್ದಾರೆ. ಆದರೆ ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಚಪಲ ದೊಡ್ಡದಿತ್ತು. ಎರಡನ್ನೂ ಮಡಿಲಿಗೆ ಎಳೆದುಕೊಂಡೆ.

ಮೊದಲು ತಮ್ಮನದರ ಎಳೆ ಕಿತ್ತು ಬೆಂಕಿಕಡ್ಡಿ ಗೀರಿದೆ. ಕರಗಿ ಮಣಿಯಾಯಿತು. ನೈಲಾನು. ಕಟ್ಟೆ ಕಟ್ಟುವ ಕಾಲಕ್ಕೆ ನೈಲಾನು ಇರಲೇ ಇಲ್ಲ ಎಂದು ಹೇಳಬೇಕಾಯಿತು, ಹೇಳಿದೆ. ಅಣ್ಣ ಮೀಸೆಯಡಿಯಲ್ಲಿ ನಕ್ಕರು. ತಮ್ಮ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅದನ್ನು ಮುಖದ ಮೇಲೆ ಹಾಗೇ ಹಿಡಿದುಕೊಂಡರು. ಇಷ್ಟು ವರ್ಷ ತನ್ನ ಎಡೆಗೆ ಅಪ್ಪ ಬಂದೇ ಇಲ್ಲ ಎಂದು ಆ ಮನುಷ್ಯನಿಗೆ ಆಗ ತಾನೇ ಗೊತ್ತಾಗಿತ್ತು.

ಅಣ್ಣನದನ್ನು ತಿರುಗಿಸಿದೆ. ಎಳೆ ರೇಷ್ಮೆಯದೇ, ಬೂದಿಯಾಯಿತು. ತಟ್ಟಿದರೆ ಸದ್ದೂ ಸರಿಯಿತ್ತು. ಆದರೆ ಒಳಗೆ ನೆತ್ತಿಯ ಭಾಗದಲ್ಲಿ, ತಲೆಯ ಎಣ್ಣೆ ಅಂಟದಿರಲೆಂದು ಹಾಕುವ ಒಂದು ಚೂರು ಪ್ಲಾಸ್ಟಿಕ್ಕನ್ನು ಅಸ್ತರಿನ ಜೊತೆಗೇ ಹೊಲಿದಿದ್ದರು. ಆಮೇಲೆ ಯಾರೋ ಅಂಟಿಸಿದ್ದಲ್ಲ, ಹ್ಯಾಟಿನ ಜೊತೆಗೇ ಹುಟ್ಟಿದ್ದು. ಇದೂ ಕಟ್ಟೆ ಮುಗಿದು ಎಷ್ಟೋ ಕಾಲದ ಮೇಲಿನದು. ತಲೆ ಎತ್ತಿದೆ. ಮೊರದಲ್ಲಿ ತಾಯಿಯ ಕೈ ನಿಂತಿತ್ತು. ಅವರು ನನ್ನನ್ನೇ ನೋಡುತ್ತಿದ್ದರು, ಹೇಳಬೇಡಪ್ಪ ಎಂದು ಕೇಳುವ ಹಾಗೆ. ಹೇಳದಿದ್ದರೆ ತಮ್ಮ ಕೊರಗಿ ಹೋಗುತ್ತಾರೆ, ಹೇಳಿದರೆ ಇಬ್ಬರೂ ಸೇರಿ ತಾಯಿಯನ್ನು ಏನು ಮಾಡುತ್ತಾರೋ.

"ಯಾಕ್ ಡಾಕ್ಟ್ರೇ ಸುಮ್ಕಾದ್ರಿ?" ಅಂದರು ಅಣ್ಣ.

ನಾನು ತಡವರಿಸುತ್ತಿರುವಾಗ ತಾಯಿ ಮೊರ ಕೆಳಗಿಟ್ಟರು. "ಅವ್ರ್ನ ಯಾಕ್ ಕೇಳ್ತೀಯ ಮಗ. ಎರಡೂ ನಿಮ್ಮಪ್ಪಂದಲ್ಲ. ಎರಡ್ನೂ ನಾನೇ ಮೈಸೂರ್ನಲ್ಲಿ ಹಳೇ ಸಾಮಾನಿನ ಅಂಗ್ಡೀಲಿ ತಂದಿದ್ದು."

ತಾಯಿ ತಗ್ಗಿದ ದನಿಯಲ್ಲೇ ಮುಂದುವರಿಸಿದರು. "ಅವ್ರ ಟೋಪಿ ಅವ್ರ್ ಜೊತೇಲೇ ಮಣ್ಣಿಗೋಯ್ತು. ದೊಡ್ಡೋರ್ ಕಂಡ್ರೆ ತಗ್ದು ಕಂಕ್ಳಲ್ಲಿ ಇಟ್ಕೋತಿದ್ರಲ್ಲ, ಅಂಗೇ ಕಂಕ್ಳ ಸಂದೀಲಿ ಇಟ್ಟು ಮೇಲೆ ಬಟ್ಟೆ ಒದಿಸ್ಬುಟ್ಟೆ. ಹೂವು ರಾಶಿ ಬಿದ್ದಿತ್ತು, ಯಾರ್ ಕಣ್ಗೂ ಬೀಳ್ನಿಲ್ಲ. ದೇವ್ರ ಮುಂದಕ್ಕೆ ಬರೀ ತಲೇಲಿ ಓಗ್ಲಿ, ಟೋಪಿ ಕೈಲಿರ್ಲಿ ಅಂತ ಅನ್ನುಸ್ತು. ಆಮೇಲೆ ನೀವು ಟೋಪಿ ಟೋಪಿ ಅಂತ ಕಿತ್ತಾಡಾಕೆ ನಿಂತ್ರಿ. ಮಣ್ಣಲ್ಲಿದೆ ಅಂತ ಯೆಂಗ್ ಯೋಳ್ಲಿ."

"ನಮ್ಗೆ ಗುರ್ತೂ ಸಿಕ್ನಿಲ್ವಲ್ಲವ್ವ" ಅಂದರು ತಮ್ಮ.

"ನಿಮ್ಮಪ್ಪ ಅದ್ನ ಮುಟ್ಟಾಕ್ ಬುಟ್ಟಿದ್ರಾ ನಿಮ್ನ? ದೂರ್ದಿಂದ ನೋಡ್ದೋರು ನೀವು."

ಅಣ್ಣ ಗೋಡೆಗೆ ಒರಗಿ ಕೂತುಬಿಟ್ಟರು. "ಅಂಗಾರೆ ಇಷ್ಟ್ ವರ್ಸ ಅಪ್ಪ ಎಲ್ಲೂ ಉಣ್ನಿಲ್ಲ ಅನ್ನವ್ವ" ಅಂದರು. ಗೆದ್ದೆನೆಂದು ಆಗ ತಾನೇ ನಕ್ಕಿದ್ದ ಮನುಷ್ಯ.

"ಉಂಡವ್ರೆ" ಅಂದರು ತಾಯಿ. "ನೀವು ಎಡೆ ತಗುದ್ಮೇಲೆ ನಾನು ನಿನ್ನೆಲೇಲಿ ಒಂದ್ ತುತ್ತು, ಅವ್ನೆಲೇಲಿ ಒಂದ್ ತುತ್ತು ಸೆರಗ್ನಲ್ಲಿ ಕಟ್ಕೊಂಡು, ಗದ್ದೆ ತಾವ ಓಗಿ ಅವ್ರ್ ಮಣ್ಣಿನ ಮೇಲೆ ಕಲಸಿ ಇಟ್ಟು ಬತ್ತಿದ್ದೆ. ಒಂದ್ ವರ್ಸಾನೂ ಬುಟ್ಟಿಲ್ಲ."

ನನಗೆ ಕಣ್ಣು ತುಂಬಿ ಬಂತು. ಬ್ಯಾಗಿನಲ್ಲಿ ಸೂಜಿ ಹುಡುಕುವವನ ಹಾಗೆ ತಲೆ ತಗ್ಗಿಸಿದೆ. ಎರಡು ಹ್ಯಾಟೂ ನನ್ನ ಮಡಿಲಲ್ಲೇ ಇದ್ದವು, ಯಾರೂ ವಾಪಸು ಕೇಳಲಿಲ್ಲ. ಕೊಟ್ಟಿಗೆಯಲ್ಲಿ ಹಸು ಕಾಲು ಬದಲಿಸುವ ಸದ್ದು ಕೇಳುತ್ತಿತ್ತು. ಕೊನೆಗೆ ಅಣ್ಣ, ವರ್ಷಗಳಿಂದ ಯಾರ ಕಡೆ ತಿರುಗಿರಲಿಲ್ಲವೋ ಅವನ ಕಡೆಗೇ ತಿರುಗಿದರು.

"ಲೇ, ಅಮಾಸೆ ದಿನ ನೀನು ಎಷ್ಟೊತ್ಗೆ ಎಡೆ ಇಕ್ತೀಯ?"

ತಮ್ಮ ಜಗಲಿಯ ಆ ತುದಿಯಿಂದ ಈಚೆ ಬಂದು ಅಣ್ಣನ ಪಕ್ಕದಲ್ಲಿ ಕೂತರು. "ನೀನ್ ಇಕ್ದಾಗ" ಅಂದರು.

ತಾಯಿ ಮೊರ ಮತ್ತೆ ಮಡಿಲಿಗೆ ಎಳೆದುಕೊಂಡರು. "ಗದ್ದೆ ತಾವ್ಲೇ ಒಂದೆಲೇಲಿ ಇಕ್ರಪ್ಪ" ಅಂದರು. "ಅಷ್ಟ್ ದೂರ ಒಬ್ಳೇ ಒತ್ಕೊಂಡು ನಡೆಯಾಕೆ ಇನ್ ನನ್ ಕೈಲಿ ಆಗಾಕಿಲ್ಲ."