ಬೀಗ ಹಾಕಿದ್ದ ಮೇನ್ ಸ್ವಿಚ್

ದೆವ್ವ, ಭೂತ, ಮಾಟ, ಮಂತ್ರ ಯಾವುದನ್ನೂ ನಾನು ನಂಬಿದವನಲ್ಲ. ಹಾಗೆಂದು ಮನುಷ್ಯರನ್ನು ನಂಬಿದವನೂ ಅಲ್ಲ. ನನ್ನ ಹೆಂಡತಿ ಹೇಳುವಂತೆ ನನಗೆ ಹಾಲಿನವನ ಮೇಲೂ ಅನುಮಾನ, ಹಾಲಿನ ಮೇಲೂ ಅನುಮಾನ. ಫ್ರಿಜ್ಜು, ಏಸಿ ರಿಪೇರಿ ಮಾಡಿ ಬದುಕಿದವನಿಗೆ ಇದು ಅಂಟಿಕೊಳ್ಳುವ ಗುಣ. ಗಿರಾಕಿ ‘ನಾವೇನೂ ಮಾಡಿಲ್ರಿ, ತಾನೇ ಬಂದ್ ಆತು’ ಎಂದರೆ ಏನೋ ಮಾಡಿದ್ದಾನೆ ಎಂದೇ ಅರ್ಥ. ಅಂಥ ನಾನು ಹೇಳುತ್ತಿರುವ ಸಂಗತಿ ಇದು. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇತ್ತು. ಕಮಲಾಪುರದ ಹತ್ತಿರ ತೋಟದಲ್ಲಿ ಮನೆ ಕಟ್ಟಿಸಿದ್ದ ಲಾರಿ ಮಾಲೀಕರೊಬ್ಬರು ಫೋನು ಮಾಡಿ ಕರೆಸಿದರು. ಎಲ್ಲರೂ ಅವರನ್ನು ಸಾಹುಕಾರರು ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಅವರ ಮಗಳು ಸುವರ್ಣಾ, ಒಂಬತ್ತು ವರ್ಷದ ಹುಡುಗಿ, ಬಿದ್ದು ಮೊಣಕಾಲು ಮುರಿದುಕೊಂಡಿದ್ದಳು. ಸೊಲ್ಲಾಪುರದಲ್ಲಿ ಆಪರೇಷನ್ ಆಗಿತ್ತು. ದಿನಾ ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ ಕಾಲು ಆಡಿಸಬೇಕು, ಎರಡು ತಿಂಗಳಲ್ಲಿ ಮಂಡಿ ಮಡಚಲು ಕಲಿಯದಿದ್ದರೆ ಮುಂದೆ ಕಲಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ. ತಂದೆಯ ಕರುಳು ಕೇಳಬೇಕಲ್ಲ! ತೋಟದಲ್ಲೇ ಸಣ್ಣದೊಂದು ಈಜುಕೊಳ ಕಟ್ಟಿಸಿ, ನೀರು ಕಾಯಿಸುವ ಹೀಟ್ ಪಂಪನ್ನು ಪುಣೆಯಿಂದ ತರಿಸಿದ್ದರು.

ನಮ್ಮ ಬಿಸಿಲ ಸೀಮೆಯಲ್ಲಿ ಕೊಳದ ನೀರು ಕಾಯಿಸುವ ಮಷೀನು ಎಂದರೆ ಯಾರಾದರೂ ನಗುತ್ತಾರೆ. ಸಂಕ್ರಾಂತಿಗೆ ಮುಂಚಿನ ಚಳಿಯಲ್ಲಿ, ಬೆಳಗಿನ ಹೊತ್ತು, ಆ ಕೊಳಕ್ಕೆ ಕಾಲಿಟ್ಟು ನೋಡಿದ್ದರೆ ನಗುತ್ತಿರಲಿಲ್ಲ. ಹೀಟ್ ಪಂಪ್ ಅಂದರೆ ಉಲ್ಟಾ ಮಾಡಿದ ಏಸಿ, ಅಷ್ಟೇ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ನೀರಿಗೆ ಕೊಡುತ್ತದೆ. ಕಲಬುರಗಿಯಲ್ಲಿ ಅದನ್ನು ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ, ನಾನೂ ನೋಡಿರಲಿಲ್ಲ. ಆದರೂ ಗೊತ್ತಿದೆ ಎಂದೇ ಹೇಳಿದೆ.

ನೀರು ಕಾಯುತ್ತಿಲ್ಲ ಎಂಬುದು ದೂರು. ಫಿಲ್ಟರಿನ ತುಂಬ ಹುಣಸೆ ಎಲೆ. ನೀರು ಸರಿಯಾಗಿ ಹರಿಯದಿದ್ದರೆ ಮಷೀನು ತಾನೇ ನಿಲ್ಲುತ್ತದೆ, ಅದನ್ನು ತೊಳೆದೆ. ಸುತ್ತ ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು. ಅದರ ಹೊಟ್ಟು ಹಾರಿಬಂದು ಮಷೀನಿನ ಹಿಂದಿನ ಜಾಲರಿಗೆ ಅಂಟಿ ಗಾಳಿಯೇ ಆಡುತ್ತಿರಲಿಲ್ಲ, ಅದನ್ನೂ ಉಜ್ಜಿದೆ. ಮಷೀನು ಓಡಿತು. ಹತ್ತು ನಿಮಿಷಕ್ಕೆ ಫ್ಯೂಸು ಹೋಯಿತು. ಹೊಸ ತಂತಿ ಕಟ್ಟಿದೆ, ಮತ್ತೆ ಹೋಯಿತು. ಊರಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ಆಗ ನಮ್ಮ ಕಡೆಯ ಎಷ್ಟೋ ಮಿಸ್ತ್ರಿಗಳು ಮಾಡುವುದನ್ನೇ ನಾನೂ ಮಾಡಿದೆ. ಮಷೀನಿನ ಮೈಯಿಂದ ನೆಲಕ್ಕೆ ಹೋಗುವ ಅರ್ಥಿಂಗ್ ತಂತಿಯನ್ನು ಬಿಚ್ಚಿ ಪಕ್ಕಕ್ಕೆ ಸುತ್ತಿಟ್ಟೆ. ಫ್ಯೂಸು ಹೋಗುವುದು ನಿಂತಿತು. ನಾಳೆ ಬಂದು ಸರಿ ಮಾಡಿದರಾಯಿತು ಅಂದುಕೊಂಡು ಬಸ್ಸು ಹತ್ತಿದೆ. ನಾಳೆ ಹೋಗಲಿಲ್ಲ.

ಮೂರನೆಯ ದಿನ ಫೋನು ಬಂತು. ಎರಡು ದಿನದಿಂದ ಬೆಳಿಗ್ಗೆ ಎದ್ದು ನೋಡಿದರೆ ಮಷೀನು ಬಂದ್, ನೀರು ಐಸು, ಮಗು ನೀರಿಗಿಳಿದೇ ಇಲ್ಲ. ಹೋಗಿ ನೋಡಿದೆ. ಮಷೀನಿನ ಪಕ್ಕದ ಗೋಡೆಗೆ ಕಬ್ಬಿಣದ ಮೇನ್ ಸ್ವಿಚ್ ಇತ್ತು. ಹಿಡಿಕೆ ಮೇಲಿದ್ದರೆ ಚಾಲೂ, ಕೆಳಗಿದ್ದರೆ ಬಂದ್. ಅದು ಕೆಳಗಿತ್ತು. ಮಷೀನಿಗೆ ಬೇಕಾದ ತ್ರೀ ಫೇಸ್ ಕರೆಂಟು ತೋಟಕ್ಕೆ ಹಗಲು ಒಂದೆರಡು ತಾಸು ಬಂದರೆ ಹೆಚ್ಚು, ಉಳಿದದ್ದೆಲ್ಲ ರಾತ್ರಿ, ಆದ್ದರಿಂದ ಮಷೀನು ಓಡುವುದೂ ಹೆಚ್ಚಾಗಿ ರಾತ್ರಿಯೇ. ಕರೆಂಟು ಹೋದರೆ ಮಷೀನು ನಿಂತೀತು, ಹಿಡಿಕೆ ಕೆಳಗಿಳಿಯುವುದಿಲ್ಲ. ನಾನು ಎರಡು ಕೈ ಹಾಕಿ ಎಳೆಯಬೇಕಾದಷ್ಟು ಬಿಗಿ ಇತ್ತು ಅದು. ಯಾರೋ ಇಳಿಸಿದ್ದಾರೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ.

ರಾತ್ರಿ ಮನೆಯ ಹೊರಗೆ, ಕೊಳದ ಬಳಿ ಮಲಗುತ್ತಿದ್ದವನು ಕಾವಲುಗಾರ ಮಾಣಿಕಪ್ಪನೊಬ್ಬನೇ. ಮಹಾಗಾಂವದವನು, ಅರವತ್ತು ದಾಟಿದ ಮನುಷ್ಯ. ನನ್ನನ್ನು ಕಂಡೊಡನೆ ಹತ್ತಿರ ಬಂದು, ಕೇಳುವ ಮೊದಲೇ, ತಾನು ಮುಟ್ಟಿಲ್ಲ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ನಾನು ನಿಲ್ಲಲಿಲ್ಲ, ಸೀದಾ ಸಾಹುಕಾರರ ಬಳಿ ಹೋದೆ. ಮಷೀನಿನ ಗುಂಯ್ ಎನ್ನುವ ಸದ್ದಿಗೆ ನಿದ್ದೆ ಬಾರದೆ ಮುದುಕ ಬಂದ್ ಮಾಡುತ್ತಿದ್ದಾನೆ, ಬೇಕಾದರೆ ಬರೆದುಕೊಡುತ್ತೇನೆ ಎಂದೆ. ಮಗಳ ಕಾಲಿನ ಚಿಂತೆಯಲ್ಲಿದ್ದ ಅವರು ಹಿಂದೆಮುಂದೆ ನೋಡದೆ ಆಗಲೇ ಅವನನ್ನು ಕೆಲಸದಿಂದ ತೆಗೆದರು. ಮಾಣಿಕಪ್ಪ ಹಾಸಿಗೆ ಸುತ್ತಿ ಹೆಗಲಿಗೇರಿಸಿ, ಕುರ್ಚಿಯಲ್ಲಿ ಕೂತಿದ್ದ ಮಗುವಿನ ತಲೆ ಸವರಿ, ಮಹಾಗಾಂವದ ದಾರಿ ಹಿಡಿದ.

ಮರುದಿನ ಬೆಳಿಗ್ಗೆ ಮತ್ತೆ ಫೋನು ಬಂತು. ನಾನು ಎತ್ತಿಟ್ಟು ಬಂದಿದ್ದ ಹಿಡಿಕೆ ಮತ್ತೆ ಕೆಳಗಿತ್ತು.

ನನ್ನ ಅನುಮಾನಕ್ಕೆ ರೆಕ್ಕೆ ಬಂತು. ಡ್ರೈವರ್ ಇರಬಹುದೇ? ಅಡುಗೆಯವಳೇ? ಸಿಟ್ಟಿಗೆ ಮಾಣಿಕಪ್ಪನೇ ಕತ್ತಲಲ್ಲಿ ಬಂದು ಹೋಗುತ್ತಿದ್ದಾನೆಯೇ? ಕಲಬುರಗಿಯಿಂದ ಹೊಸ ಬೀಗ ತಂದೆ. ಹಿಡಿಕೆಯನ್ನು ಮೇಲಕ್ಕೆತ್ತಿ, ಹಿಡಿಕೆಯ ತೂತಿಗೂ ಪೆಟ್ಟಿಗೆಯ ಕೊಂಡಿಗೂ ಸೇರಿಸಿ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿದೆ. ಒಂದಿಷ್ಟೂ ಅಲುಗಲಿಲ್ಲ. ಎರಡೂ ಚಾವಿಗಳನ್ನು ಉಡಿದಾರಕ್ಕೆ ಕಟ್ಟಿಕೊಂಡು, ಸ್ವಿಚ್ಚಿನ ಎದುರಿಗೇ ಮಂಚ ಹಾಕಿಸಿ ಮಲಗಿದೆ. ಮಷೀನು ಓಡುತ್ತಿತ್ತು.

ಬೆಳಗಿನ ಜಾವ ಎಚ್ಚರವಾಯಿತು. ಸದ್ದು ನಿಂತಿತ್ತು. ಗೇಟಿನ ಬಲ್ಬು ಉರಿಯುತ್ತಿತ್ತು, ಅಂದರೆ ಕರೆಂಟು ಇತ್ತು. ಬ್ಯಾಟರಿ ಹಾಕಿ ನೋಡಿದೆ. ಹಿಡಿಕೆ ಕೆಳಗಿತ್ತು. ಬೀಗ ಹಾಕಿದ್ದ ಹಾಗೆಯೇ ಪೆಟ್ಟಿಗೆಯ ಕೊಂಡಿಯಲ್ಲಿ ನೇತಾಡುತ್ತಿತ್ತು, ಮುಚ್ಚಿಕೊಂಡೇ. ಸೊಂಟ ಮುಟ್ಟಿ ನೋಡಿಕೊಂಡೆ, ಚಾವಿ ಎರಡೂ ಇದ್ದವು. ಸುಳ್ಳೇಕೆ ಹೇಳಲಿ, ಮಂಚದ ಮೇಲೆ ಕೂತವನು ಬೆಳಕು ಹರಿಯುವವರೆಗೆ ಏಳಲಿಲ್ಲ.

ಸಾಹುಕಾರರು ಮಗಳನ್ನು ಎತ್ತಿಕೊಂಡು ಬಂದರು. ನೀರಿಗೆ ಕೈ ಹಾಕಿ, ಅರ್ಧ ಕಾದಿದೆ, ಮಷೀನು ಚಾಲೂ ಮಾಡು, ಅಷ್ಟರಲ್ಲಿ ಇವಳನ್ನು ಇಳಿಸುತ್ತೇನೆ ಎಂದರು. ಮಗು ಕೊಳದ ಕಬ್ಬಿಣದ ಏಣಿಯ ಕಡೆಗೆ ಕೈ ಚಾಚಿತು. ನಾನು ಬೀಗ ತೆಗೆದು ಹಿಡಿಕೆಗೆ ಕೈ ಹಾಕಿದೆ. ಆ ಗಳಿಗೆಯಲ್ಲಿ ನನಗೆ ಅನುಮಾನಿಸಲು ಮನುಷ್ಯರು ಯಾರೂ ಉಳಿದಿರಲಿಲ್ಲ. ಉಳಿದದ್ದು ಮಷೀನೊಂದೇ.

“ತಡೀರಿ ಸಾಹುಕಾರ್ರ,” ಎಂದೆ, “ಕೂಸಿನ್ನ ನೀರಾಗ ಇಳಸಬ್ಯಾಡ್ರಿ.”

ಹಿಡಿಕೆಯನ್ನು ಕೆಳಗೇ ಬಿಟ್ಟು, ಗೇಟಿನ ಬಲ್ಬಿನ ಕರೆಂಟಿಗೆ ಟೆಸ್ಟ್ ಲ್ಯಾಂಪ್ ಜೋಡಿಸಿ ಮಷೀನಿನ ವೈರಿಗೂ ಮೈಗೂ ಹಚ್ಚಿ ನೋಡಿದೆ; ವೈರು ಮೈಗೆ ತಾಗಿದ್ದರೆ ಮಾತ್ರ ಅದು ಉರಿಯುತ್ತದೆ. ಬಲ್ಬು ಝಗ್ಗನೆ ಹತ್ತಿತು. ಮುಚ್ಚಳ ಬಿಚ್ಚಿದರೆ, ಒಳಗಿನ ವೈರೊಂದು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ತಾಮ್ರ ಹೊರಬಿದ್ದಿತ್ತು. ಅರ್ಥಿಂಗ್ ಇದ್ದಿದ್ದರೆ ಆ ಕರೆಂಟು ನೆಲಕ್ಕಿಳಿದು ಫ್ಯೂಸು ಹೋಗುತ್ತಿತ್ತು. ಮೊದಲ ದಿನ ಹೋಗಿದ್ದೂ ಅದಕ್ಕೇ. ಆ ತಂತಿಯನ್ನು ನಾನು ಬಿಚ್ಚಿಟ್ಟಿದ್ದೆ. ಈಗ ಸ್ವಿಚ್ಚು ಹಾಕಿದ್ದರೆ ಮಷೀನಿನ ಮೈಯಲ್ಲಿ, ನೀರಿನಲ್ಲಿ, ಆ ಏಣಿಯಲ್ಲಿ ಕರೆಂಟು ಕಾದು ಕೂತಿರುತ್ತಿತ್ತು. ಹಿಡಿಕೆ ಇಳಿಯತೊಡಗಿದ್ದು ನಾನು ತಂತಿ ಬಿಚ್ಚಿದ ರಾತ್ರಿಯಿಂದಲೇ ಎಂಬುದು ಆಗ ಹೊಳೆಯಿತು. ಅಷ್ಟೂ ದಿನ ನೀರು ತಣ್ಣಗಿತ್ತು, ಅಷ್ಟೂ ದಿನ ಮಗು ದಂಡೆಯ ಮೇಲೇ ಇತ್ತು. ಲ್ಯಾಂಪ್ ಹಚ್ಚಿ ನೋಡುವುದು ಮಿಸ್ತ್ರಿಯ ಮೊದಲ ಪಾಠ. ಅನುಮಾನಿಸಲು ಒಬ್ಬ ಮನುಷ್ಯ ಸಿಕ್ಕಿದ್ದರಿಂದ ನಾನು ಅದನ್ನು ಮಾಡಿರಲಿಲ್ಲ.

ವೈರು ಬದಲಿಸಿ, ಅರ್ಥಿಂಗ್ ಜೋಡಿಸಿ, ಮಷೀನಿನಲ್ಲೇ ದೋಷವಿತ್ತು, ಮಾಣಿಕಪ್ಪನದು ಏನೂ ತಪ್ಪಿಲ್ಲ ಎಂದು ಸಾಹುಕಾರರಿಗೆ ಹೇಳಿದೆ. ಅವರು ಕೂಡಲೇ ಕರೆದುಕೊಂಡು ಬಾ ಎಂದರು. ಟೆಂಪೋ ಹಿಡಿದು ಮಹಾಗಾಂವಕ್ಕೆ ಹೋದೆ. ಅವನು ಅಂಗಳದಲ್ಲಿ ಕೂತು ತೊಗರಿ ಕೇರುತ್ತಿದ್ದ. ಎಲ್ಲವನ್ನೂ ಹೇಳಿದೆ, ತಂತಿ ಬಿಚ್ಚಿದ್ದನ್ನೂ. ಮೊರ ಕೆಳಗಿಟ್ಟು ಕೇಳಿಸಿಕೊಂಡ.

“ಕೂಸು ನೀರಾಗ ಇಳದಿತ್ತೇನ್ರಿ?” ಎಂದು ಕೇಳಿದ.

ಇಲ್ಲ ಎಂದೆ. ಉಸಿರು ಬಿಟ್ಟು, ಹೆಂಡತಿಗೆ ಚಹಾ ಮಾಡಲು ಹೇಳಿದ. ಕೆಲಸಕ್ಕೆ ಮಾತ್ರ ಬರಲಾರೆ, ಕಳ್ಳನ ಹಾಗೆ ಹೊರಗೆ ಹಾಕಿಸಿಕೊಂಡ ಗೇಟಿನೊಳಗೆ ಮತ್ತೆ ಕಾಲಿಡುವುದಿಲ್ಲ ಎಂದ. ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಏಳುವ ಮೊದಲು ನಾನು ತಡೆಯಲಾರದೆ, ಹಾಗಾದರೆ ಆ ಹಿಡಿಕೆಯನ್ನು ಇಳಿಸುತ್ತಿದ್ದವರು ಯಾರು, ನೀನೇನಾದರೂ ಕಂಡೆಯಾ ಎಂದು ಕೇಳಿದೆ.

“ಅವತ್ತು ಅದನ್ನ ಹೇಳಾಕ ಬಂದಿದ್ದೆ ರೀ,” ಎಂದ ಮಾಣಿಕಪ್ಪ. “ನೀವು ನಿಲ್ಲಲಿಲ್ಲ. ಈಗ ಬಿಡ್ರಿ.”

ಮತ್ತೆ ಮೊರ ಕೈಗೆತ್ತಿಕೊಂಡ. ಆಮೇಲೆಯೂ ಎರಡು ಸಲ ಹೋದೆ. ಚಹಾ ಕೊಟ್ಟ, ಮಳೆ ಬೆಳೆ ಮಾತಾಡಿದ, ಅದೊಂದನ್ನು ಹೇಳಲಿಲ್ಲ. ಕೆಲವು ವರ್ಷಗಳ ನಂತರ ತೀರಿಕೊಂಡನೆಂದು ತಿಳಿಯಿತು. ವೈರು ಬದಲಿಸಿದ ಮೇಲೆ ಹಿಡಿಕೆ ಮತ್ತೆಂದೂ ಇಳಿಯಲಿಲ್ಲ. ಸುವರ್ಣಾ ಮಂಡಿ ಮಡಚಲು ಕಲಿತಳು, ಈಗ ಚೆನ್ನಾಗಿ ನಡೆಯುತ್ತಾಳೆ. ಆ ಮೇನ್ ಸ್ವಿಚ್ಚನ್ನು ನಾನು ಪೂರ್ತಿ ಬಿಚ್ಚಿ ನೋಡಿದ್ದೇನೆ, ಸ್ಪ್ರಿಂಗು ಗಟ್ಟಿಯಾಗಿತ್ತು. ಬೀಗವನ್ನು ನಾನೇ ಸರಿಯಾಗಿ ಹಾಕಿರಲಿಲ್ಲವೇನೋ ಎಂದು ಒಮ್ಮೊಮ್ಮೆ ನನ್ನ ಮೇಲೇ ಅನುಮಾನ ಬರುತ್ತದೆ. ಹಾಗೇ ಇರಲಿ, ಆದರೂ ಅಷ್ಟೊಂದು ಬಿಗಿ ಹಿಡಿಕೆಯನ್ನು ಇಳಿಸಿದ್ದು ಯಾರು? ಮಾಣಿಕಪ್ಪ ಏನು ಕಂಡಿದ್ದನೆಂದು ನನಗೆ ಗೊತ್ತಿಲ್ಲ. ಆ ತಂತಿ ಬಿಚ್ಚಿದ್ದು ನಾನೆಂದು ಸಾಹುಕಾರರಿಗೆ ಇವತ್ತಿಗೂ ಗೊತ್ತಿಲ್ಲ.