ಮಂಜು ಎಂದು ಹೇಳಿ ಕರೆದೊಯ್ದರು

ನಮ್ಮ ಹಾಕಿ ಸಂಘದ ಅಧ್ಯಕ್ಷರೂ ಮ್ಯಾನೇಜರರೂ ಚಳಿಗಾಲದಲ್ಲಿ ಹಾಕಿ ಆಡಲಾಗದ ಊರಿಗೆ, ಆಡಲಾಗದೆಂದು ತಿಳಿದೇ, ನಮ್ಮನ್ನು ಕರೆದೊಯ್ದರು. ಅಲ್ಲಿ ನಮ್ಮ ತಂಡದ ಒಬ್ಬ ಆಟಗಾರನ ಕಾಲ್ಬೆರಳುಗಳು ಹೋದವು. ಅದನ್ನು ದೈವಯೋಗವೆಂದು ಈಗ ಆದವಾನಿಯ ಅಂಗಡಿ ಅಂಗಡಿಯಲ್ಲೂ ಹೇಳಿಕೊಂಡು ತಿರುಗುತ್ತಿರುವವರು ಆ ಇಬ್ಬರೇ. ದೈವದ ಮೇಲೆ ಹೊರಿಸುವ ಮೊದಲು ನಡೆದದ್ದನ್ನು ನಡೆದ ಹಾಗೆ ಬರೆಯುವುದು ನನ್ನ ಕರ್ತವ್ಯ.

ಆಗ ನಾನು ಮದರಾಸಿನಲ್ಲಿ ಓದುತ್ತಿದ್ದೆ. ರಜೆಯಲ್ಲಿ ಊರಿಗೆ ಬಂದಾಗ ತಂಡದ ಎಡತುದಿಯಲ್ಲಿ ಆಡುತ್ತಿದ್ದೆ. ಅಧ್ಯಕ್ಷರು ಹತ್ತಿಯ ದೊಡ್ಡ ವ್ಯಾಪಾರಿ, ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್, ಅದನ್ನು ಒತ್ತಿ ಕಟ್ಟುವ ಪ್ರೆಸ್ಸು ಎರಡೂ ಅವರವೇ. ಊರೆಲ್ಲ ಅವರನ್ನು ಸಾಹುಕಾರರೆಂದೇ ಕರೆಯುತ್ತದೆ. ಮ್ಯಾನೇಜರರು ಅವರ ವಕೀಲರು. ಹಿಂದೂಸ್ತಾನದ ಹಾಕಿಗೆ ಹೊರದೇಶಗಳಲ್ಲಿ ಹೆಸರು ಬಂದಿದ್ದ ಕಾಲ ಅದು. ಇಲ್ಲಿಂದ ಕೋಲು ಹಿಡಿದು ಹೋದವರಿಗೆ ಅಲ್ಲಿ ಬಾಗಿಲು ತೆರೆಯುತ್ತಿತ್ತು. ಸ್ವಿಟ್ಜರ್ಲೆಂಡಿನ ಒಂದು ಬೆಟ್ಟದೂರಿನ ಕ್ಲಬ್ಬಿನೊಡನೆ ವಕೀಲರು ಪತ್ರವ್ಯವಹಾರ ನಡೆಸಿ, ತಂಡದ ಪ್ರವಾಸವನ್ನು ಗೊತ್ತುಮಾಡಿದರು. ಆ ಊರಿಗೆ ಚಳಿಗಾಲದಲ್ಲಿ ಯೂರೋಪಿನ ನೂಲಿನ ಗಿರಣಿಗಳ ಒಡೆಯರು ವಿಹಾರಕ್ಕೆ ಬರುತ್ತಾರೆಂಬುದು ಆಗ ನಮಗಾರಿಗೂ ಗೊತ್ತಿರಲಿಲ್ಲ.

ತಂಡದ ಜೀವ ಮೈದಾನದ ನಡುವೆ ಆಡುವ ನಮ್ಮ ಸೆಂಟರ್ ಹಾಫ್. ಬೆಳಗಲ್ಲು ಹಳ್ಳಿಯ ಕುರಿಗಾರರ ಮನೆಯವನು. ಸಾಹುಕಾರರ ಪ್ರೆಸ್ಸಿನಲ್ಲಿ ಹತ್ತಿಯ ಅಂಡಿಗೆ ಕಟ್ಟುವ ಕೆಲಸಕ್ಕೆ ಬಂದು, ಸಂಜೆ ಮೈದಾನದ ಅಂಚಿನಲ್ಲಿ ನಿಂತು ನೋಡುತ್ತ ನೋಡುತ್ತ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡಲು ಕಲಿತವನು. ಬರಿಗಾಲಿನಲ್ಲೇ ಆಡುತ್ತಿದ್ದ. ಗುಂತಕಲ್ಲಿನಲ್ಲಿ ಅವನ ಆಟ ನೋಡಿದ ರೈಲ್ವೆಯವರು, ಬೇಸಿಗೆಯಲ್ಲಿ ಬಂದು ತಮ್ಮ ತಂಡದೊಡನೆ ಆಡಿ ತೋರಿಸಿದರೆ ನೌಕರಿ ಕೊಡುವುದಾಗಿ ಹೇಳಿದ್ದರು. ಅವನ ಮನೆಯಲ್ಲಿ ಸರಕಾರಿ ಬಟ್ಟೆ ತೊಟ್ಟವರು ಯಾರೂ ಇರಲಿಲ್ಲ. ಅವನ ಪಾಲಿಗೆ ಆ ಎರಡು ಕಾಲು, ಆ ನೌಕರಿ, ಎರಡೂ ಒಂದೇ.

ಅವನ ತಾಯಿ ಒಪ್ಪಿರಲಿಲ್ಲ. ವಕೀಲರು ತಾವೇ ಬಂಡಿ ಕಟ್ಟಿಸಿಕೊಂಡು ಬೆಳಗಲ್ಲಿಗೆ ಹೋಗಿ ಆಕೆಯನ್ನು ಒಪ್ಪಿಸಿದರು. ಅಲ್ಲಿ ಅವರು ಆಡಿದ ಒಂದು ಮಾತಿನ ಮೇಲೆಯೇ ನನ್ನ ಆಪಾದನೆ ನಿಂತಿದೆ.

ಆ ಮಾತನ್ನು ನಾನು ಕೇಳಿದ್ದು ರೈಲಿನಲ್ಲಿ. ನಾನು ಮದರಾಸಿನಿಂದಲೇ ಬೊಂಬಾಯಿ ಮೇಲ್ ಹತ್ತಿದ್ದೆ. ತಂಡ ಆದವಾನಿಯಲ್ಲಿ ಹತ್ತಿತು. ಒಬ್ಬೊಬ್ಬರದು ಒಂದೊಂದು ತಗಡಿನ ಪೆಟ್ಟಿಗೆ, ಒಳಗೆ ನೂಲಿನ ಅಂಗಿ, ಧೋತರ. ಉಣ್ಣೆಯ ಬಟ್ಟೆ ಎಲ್ಲಿ ಎಂದು ಕೇಳಿದೆ. ನಮ್ಮ ಗೋಲ್‌ಕೀಪರ್, ಪೇಟೆಯ ಲಿಂಗವಂತರ ಮನೆಯ ಹತ್ತಿ ದಲಾಲಿ, ಬಾಯಿಬಡುಕ, ನಕ್ಕ.

"ಉಣ್ಣಿ ಯಾಕಪಾ ಪಂಡಿತಾ? ಅಲ್ಲಿ ಮಂಜು ಬೀಳತೈತಿ ಅಂತ ಒಕೀಲ್ರು ಹೇಳ್ಯಾರ. ಬಿಸಿಲೇರಿದ್ರ ಹರೀತೈತಿ. ಆಟ ಮಧ್ಯಾನಕ ಇಟ್ಕಂದ್ರ ಮುಗೀತು."

"ಕುರಿ ಬಿಡಾಕ ಹೋದಾಗ ನಾ ನೋಡಲಾರದ ಮಂಜೇನಣ್ಣಾ," ಎಂದ ಸೆಂಟರ್ ಹಾಫ್. "ಕಂಬಳಿ ತಂದೀನಿ. ಸಾಕು."

ನಮ್ಮ ಸೀಮೆಯಲ್ಲಿ ಮಂಜು ಎಂದರೆ ಪುಷ್ಯಮಾಸದಲ್ಲಿ ತುಂಗಭದ್ರೆಯ ಕಡೆಯಿಂದ ಬಂದು ಜೋಳದ ಹೊಲದ ಮೇಲೆ ಕೂತು, ಬುತ್ತಿ ಬಿಚ್ಚುವ ಹೊತ್ತಿಗೆ ಕಾಣದಾಗುವ ಬಿಳಿಯ ಹಬೆ. ತೆಲುಗಿನವರ ಮಂಚೂ ಇಲ್ಲಿ ಅದೇ. ಅದಕ್ಕೆ ಹೆದರಿ ಮಗನನ್ನು ಮನೆಯಲ್ಲಿ ಉಳಿಸಿಕೊಂಡ ತಾಯಿ ಈ ಸೀಮೆಯಲ್ಲಿ ಇಲ್ಲ. ನಾನು ವಕೀಲರ ಡಬ್ಬಿಗೆ ಹೋಗಿ, ಇವರಿಗೆ ಬಟ್ಟೆ ಸಾಲದೆಂದು ಹೇಳಿದೆ. ಅಲ್ಲಿನ ಕ್ಲಬ್ಬಿನವರು ಎಲ್ಲವನ್ನೂ ಒದಗಿಸುತ್ತಾರೆಂದು ಅವರು ಉತ್ತರ ಕೊಟ್ಟರು. ಹಡಗಿನಲ್ಲಿ ಮತ್ತೆ ಕೇಳಿದಾಗಲೂ ಅದೇ ಉತ್ತರ. ಇಟಲಿಯ ಬಂದರಿನಲ್ಲಿ ಇಳಿದಾಗ ಅವರ ಚರ್ಮದ ಪೆಟ್ಟಿಗೆಯಿಂದ ಮದರಾಸಿನಲ್ಲಿ ಹೊಲಿಸಿದ ದಪ್ಪ ಉಣ್ಣೆಯ ಕೋಟೂ ಒಳಗೆ ತುಪ್ಪಳ ಹಚ್ಚಿದ ಬೂಟುಗಳೂ ಹೊರಬಂದವು.

ಬೆಟ್ಟದ ಪುಟ್ಟ ರೈಲು ಏರುತ್ತಿದ್ದ ಹಾಗೆ ಹೊರಗೆಲ್ಲ ಬೆಳ್ಳಗಾಯಿತು. ಗೋಲ್‌ಕೀಪರ್ ಕಿಟಕಿಗೆ ಮೂಗು ಒತ್ತಿದ.

"ಗುಡ್ಡಕ್ಕ ಗುಡ್ಡಾನೇ ಹತ್ತಿ ಸುರುವ್ಯಾರಲ್ಲೋ. ಇಷ್ಟು ಮಾಲು ಪೇಟೀಗೆ ಬಂದ್ರ ನಮ್ಮ ರೇಟು ಏನಾಗಬೇಕು."

ಎಲ್ಲರೂ ನಕ್ಕೆವು. ನಿಲ್ದಾಣದಲ್ಲಿ ಇಳಿದ ಸೆಂಟರ್ ಹಾಫ್ ಬಗ್ಗಿ ಒಂದು ಹಿಡಿ ತೆಗೆದುಕೊಂಡ, ಬಾಯಿಗೆ ಹಚ್ಚಿ ನೋಡಿದ.

"ಇದು ಮಂಜಲ್ಲಣ್ಣಾ," ಎಂದ. "ಇದು ಬರ್ಫ."

ಬರ್ಫ ಎಂಬುದು ಆದವಾನಿಯಲ್ಲಿ ಕೂಸಿಗೂ ಗೊತ್ತಿರುವ ಮಾತು. ಬೇಸಿಗೆಯಲ್ಲಿ ಮರದ ಹೊಟ್ಟು ತುಂಬಿದ ಗೋಣಿಯೊಳಗೆ ರೈಲಿನಲ್ಲಿ ಬಂದು, ಶರಬತ್ತಿನ ಅಂಗಡಿಗಳಲ್ಲಿ ಕರಗುವುದು ಅದೇ. ಸುಣ್ಣದಂತೆ ಬೆರಳು ಸುಡುತ್ತದೆಂದು ಬೆಳಗಲ್ಲಿನಿಂದ ಪೇಟೆಗೆ ಬಂದವರೂ ಬಲ್ಲರು. ಕೋರ್ಟಿನಿಂದ ದಣಿದು ಬಂದ ವಕೀಲರು ಜಗಲಿಯ ಮೇಲೆ ಕೂತು, "ಬರ್ಫ ತರ್ರೋ" ಎಂದು ಕೂಗುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ನಾಲಗೆಯ ತುದಿಯಲ್ಲಿದ್ದ ಆ ಮಾತನ್ನು ಬಿಟ್ಟು, ಆ ತಾಯಿಯ ಮುಂದೆ ಅವರು ಮಂಜು ಎಂದರು.

"ಮನ್ಯಾಗ ಬರ್ಫ ಅಂದಿದ್ರ ನಮ್ಮವ್ವ ನನ್ನ ಹೊಸ್ತಿಲಾ ದಾಟಾಕ ಬಿಡತಿದ್ದಿಲ್ಲ," ಎಂದು ಅವನು ಕೈ ಒರೆಸಿಕೊಂಡ.

ಕ್ಲಬ್ಬಿನ ಮೈದಾನ ಎಲ್ಲಿದೆ ಎಂದರೆ ಬೆರಳು ಮಾಡಿ ಹಿಮದ ಕೆಳಗೆ ತೋರಿಸುತ್ತಿದ್ದರು. ಸಾಹುಕಾರರೂ ವಕೀಲರೂ ಮೇಲಿನ ದೊಡ್ಡ ಹೋಟೆಲಿನಲ್ಲಿ ಇಳಿದರು. ನಮ್ಮನ್ನು ಕೆಳಗೆ, ಒಬ್ಬ ವಿಧವೆ ನಡೆಸುತ್ತಿದ್ದ ವಸತಿಗೃಹದಲ್ಲಿ ಹಾಕಿದರು. ಎರಡು ಪದರ ಗಾಜಿನ ಕಿಟಕಿಗಳು; ಅವನ್ನು ತೆರೆಯುವಂತಿರಲಿಲ್ಲ. ಒಲೆಯ ಹೊಗೆ, ಹಸಿ ಕಾಲುಚೀಲದ ನಾತ, ಒಂದೇ ಓಣಿಯಂಥ ಕಿರುದಾರಿಯಲ್ಲಿ ಅತ್ತ ಹೋಗಿ ಇತ್ತ ಬರುವ ನಮ್ಮ ಮೈಗಳು. ಕೋಲು ಬೀಸಲು ಜಾಗವಿಲ್ಲ. ಹೊರಗೆ ಹೋಗಲು ಬಟ್ಟೆಯಿಲ್ಲ. ಕ್ಲಬ್ಬಿನವರು ಕೊಟ್ಟ ಕೋಟುಗಳು ಅರ್ಧ ತಂಡಕ್ಕೂ ಸಾಲಲಿಲ್ಲ. ಬಯಲುಸೀಮೆಯವರು ನಾವು. ನಾಲ್ಕು ದಿಕ್ಕಿಗೂ ಕಣ್ಣು ಹರಿಯದಿದ್ದರೆ ನಮಗೆ ಉಸಿರು ಕಟ್ಟುತ್ತದೆ. ಅಲ್ಲಿ ಯಾವ ದಿಕ್ಕಿಗೆ ನೋಡಿದರೂ ಗೋಡೆ ಎದ್ದಂತೆ ಬೆಟ್ಟ.

ಊಟದ್ದು ಬೇರೆ ಫಜೀತಿ. ಸಾರಿನಲ್ಲಿ ಮಾಂಸವಿದೆಯೇ ಎಂದು ಕೇಳಲು ಗೋಲ್‌ಕೀಪರನಿಗೆ ಭಾಷೆ ಇಲ್ಲ. ಮನೆಯೊಡತಿಯ ಮುಂದೆ ಕುರಿಯಂತೆ ಅರಚಿ, ಕೋಳಿಯಂತೆ ಕೂಗಿ, ಬೇಡವೆಂದು ಕೈಯಾಡಿಸಿದ. ಆಕೆ ಅವನಿಗೆ ಬಹಳ ಹಸಿವಾಗಿದೆಯೆಂದು ತಿಳಿದು ಎರಡನ್ನೂ ತಂದಿಟ್ಟಳು. ಆಮೇಲೆ ಅವನು ಬದುಕಿದ್ದು ಬ್ರೆಡ್ಡು, ಆಲೂಗಡ್ಡೆಯ ಮೇಲೆ.

ಮಧ್ಯಾಹ್ನವಾದರೆ ಮೇಲಿನ ಹೋಟೆಲಿನಿಂದ ಕರೆ ಬರುತ್ತಿತ್ತು. ಸಾಹುಕಾರರು ತಂದಿದ್ದ ಜರಿಯ ರುಮಾಲುಗಳನ್ನು ಸುತ್ತಿಕೊಂಡು, ಚಹದ ಕೂಟದಲ್ಲಿ ಗೋಡೆಗೆ ಸಾಲಾಗಿ ನಿಲ್ಲಬೇಕು. ಗಿರಣಿಯ ಒಡೆಯರು ಬಂದು ಕೈ ಕುಲುಕುವರು. ಸಾಹುಕಾರರು ವಕೀಲರ ಇಂಗ್ಲಿಷಿನಲ್ಲಿ ಹತ್ತಿಯ ಮಾತು ಎತ್ತುವರು.

"ಬೀಗರಂಗ ನಿಂದ್ರಿಸ್ಯಾರ," ಎಂದು ಗೋಲ್‌ಕೀಪರ್ ತುಟಿ ಅಲುಗಿಸದೆ ಗೊಣಗುತ್ತಿದ್ದ. "ಹೆಣ್ಣೆಲ್ಲೈತಿ ಅಂತ ಕೇಳ್ರಪಾ ಯಾರಾರ."

ಒಂದು ದಿನ ವಯಸ್ಸಾದ ಒಬ್ಬಾಕೆ ಅವನನ್ನೇ ಕುಣಿತಕ್ಕೆ ಎಳೆದಳು. ಒಂದು ಕೈಯಿಂದ ಎದೆಯ ಮೇಲಿನ ಲಿಂಗವನ್ನು ಅಂಗಿಯ ಹೊರಗಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಆಕೆಗೆ ಕೊಟ್ಟು, ಅಷ್ಟು ದೊಡ್ಡ ಕೋಣೆಯನ್ನು ಅವನು ಸುತ್ತಿ ಬಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ನಾನು ತಟ್ಟುತ್ತಿದ್ದಾಗಲೇ ಹೊಳೆಯಿತು: ಇಲ್ಲಿ ಆಟ ಎಂಬುದು ಇಲ್ಲವೇ ಇಲ್ಲ, ಮಾಲಿನ ಜೊತೆಗೆ ತೋರಿಸುವ ಬೊಂಬೆಗಳು ನಾವು.

ಆ ದಿನವೇ ವಕೀಲರನ್ನು ಕಂಡು, ನಮ್ಮ ಪಾಸ್‌ಪೋರ್ಟುಗಳನ್ನೂ ಹಿಂದಿರುಗುವ ಟಿಕೆಟ್ಟುಗಳನ್ನೂ ಕೇಳಿದೆ.

"ನಿಮ್ಮ ಕೈಯಾಗ ಕೊಟ್ರ ಒಬ್ಬೊಬ್ರು ಒಂದೊಂದು ದಿಕ್ಕು ಹಿಡೀತೀರಿ," ಎಂದರು. "ಸಾಹುಕಾರ್ರ ಕೆಲಸ ಮುಗೀಲಿ. ಅಲ್ಲೀತನ ತಂಪಿನ್ಯಾಗ ಆರಾಮಾಗಿ ಇರ್ರಿ."

ಅವರ ಕೆಲಸ ಮುಗಿಯುವ ಮೊದಲು ಹಿಮದಾಟದ ದಿನ ಬಂತು. ಗಿರಣಿಯವರ ಮನರಂಜನೆಗಾಗಿ ಹಿಂದೂಸ್ತಾನದ ಆಟಗಾರರು ಹಿಮದ ಮೇಲೆ ಜಾರಿ ತೋರಿಸುತ್ತಾರೆಂದು ಸಾಹುಕಾರರು ಮಾತು ಕೊಟ್ಟುಬಿಟ್ಟಿದ್ದರು. ಮೂತಿ ಮೇಲಕ್ಕೆ ಬಾಗಿದ ಉದ್ದುದ್ದ ಹಲಗೆಗಳು ಬಂದವು. ಅವಕ್ಕೆ ಸ್ಕೀ ಎಂದು ಹೆಸರು. "ಹೊಲ ಹರಗೋ ಕುಂಟಿಗೆ ಎತ್ತಿನ ಬದಲಿ ನಮ್ಮನ್ನ ಹೂಡ್ಯಾರ," ಎಂದ ಗೋಲ್‌ಕೀಪರ್. ಸ್ಕೀ ಕಟ್ಟಲು ಗಟ್ಟಿ ಬೂಟು ಬೇಕು. ಜೀವಮಾನವೆಲ್ಲ ಬರಿಗಾಲಿನಲ್ಲಿ ನಡೆದು ಅಗಲವಾಗಿದ್ದ ಸೆಂಟರ್ ಹಾಫನ ಪಾದ ಕ್ಲಬ್ಬಿನ ಯಾವ ಬೂಟಿನೊಳಗೂ ಹೋಗಲಿಲ್ಲ. ಕ್ಲಬ್ಬಿನವನೊಬ್ಬ ತಲೆಯಾಡಿಸಿ, ಇವನು ಬೇಡವೆಂದ. ವಕೀಲರು, "ಕ್ಯಾನ್‌ವಾಸ್ ಬೂಟಿನ ಮ್ಯಾಲೇ ಹಗ್ಗ ಬಿಗೀರಿ," ಎಂದರು. ಬಿಗಿದರು.

ನಾವೆಲ್ಲ ಬಿದ್ದೆವು. ಗೋಲ್‌ಕೀಪರ್ ಕೂತೇ ಜಾರಿ ಬೇಲಿಯೊಳಗೆ ಹೊಕ್ಕ. ಮೇಲಿನ ಮೊಗಸಾಲೆಯಿಂದ ನಗೆಯೋ ನಗೆ. ಬೀಳದವನು ಸೆಂಟರ್ ಹಾಫ್ ಒಬ್ಬನೇ. ಮೊಣಕಾಲು ಬಗ್ಗಿಸಿ, ಚೆಂಡಿಗೆ ಹೋಗುವವನ ಹಾಗೆ ಬಾಗಿ, ಬುಡದ ತನಕ ನಿಂತೇ ಇಳಿದ. ಅದೇ ಅವನಿಗೆ ಮುಳುವಾಯಿತು. ಇನ್ನೊಮ್ಮೆ ಎಂದರು. ಏರಿದ, ಇಳಿದ. ಫೋಟೋದವನು ಬರಲಿ ಎಂದು ಅಲ್ಲೇ ನಿಲ್ಲಿಸಿದರು. ಮತ್ತೆ ಏರಿದ. ಹಗ್ಗ, ಕ್ಯಾನ್‌ವಾಸು ಎರಡೂ ತೋಯ್ದು, ಹೆಪ್ಪುಗಟ್ಟಿ ಮರದಂತಾಗಿದ್ದವು.

"ಕಾಲು ಹ್ಯಾಂಗದಾವೋ?" ಎಂದೆ.

"ಮೊದಲು ಉರೀತಿದ್ವಣ್ಣಾ. ಈಗ ನೋವಿಲ್ಲ. ಅದಾವೋ ಇಲ್ಲೋ ಗೊತ್ತಾಗವಲ್ದು."

ನಾನು ಮೊಗಸಾಲೆಗೆ ಓಡಿ, ಅವನ ಕಾಲು ಮರಗಟ್ಟಿದೆ, ಒಳಗೆ ಕರೆಸಿರೆಂದು ವಕೀಲರನ್ನು ಕೇಳಿದೆ. ಸಾಹುಕಾರರು ಪಕ್ಕದಲ್ಲೇ ಇದ್ದರು; ಇಬ್ಬರೂ ಕೇಳಿಸಿಕೊಂಡರು. "ಇನ್ನೊಂದು ಸರ್ತಿ ಇಳೀಲಿ ಬಿಡು," ಎಂದರು ಸಾಹುಕಾರರು. "ದೊಡ್ಡ ಗಿರಣಿಯವರು ಈಗ ಬಂದು ಕುಂತಾರ." ನಾನು ಹಿಂದಿರುಗುವಷ್ಟರಲ್ಲಿ ಅವನು ಮತ್ತೆ ಏರುತ್ತಿದ್ದ.

ವಸತಿಗೃಹದಲ್ಲಿ ಬೂಟು ಕತ್ತರಿಸಿ ತೆಗೆದಾಗ ಬೆರಳುಗಳು ಮೇಣದಂತೆ ಬೆಳ್ಳಗಿದ್ದವು. ಮನೆಯೊಡತಿ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ಪಾದ ಇಡಿಸಿ, ಆಸ್ಪತ್ರೆ ಎಂದು ಕೆಳಗಿನ ಕಣಿವೆಯ ಕಡೆ ಕೈ ತೋರಿದಳು. ನಾನು ಮೇಲಿನ ಹೋಟೆಲಿಗೆ ಹೋದೆ. ಗಿರಣಿಯವರ ಸಂಗಡ ಸಾಹುಕಾರರೂ ವಕೀಲರೂ ಸಂಜೆಯ ರೈಲಿನಲ್ಲಿ ಪಟ್ಟಣಕ್ಕೆ ಇಳಿದು ಹೋಗಿದ್ದರು. ಪಾಸ್‌ಪೋರ್ಟು, ಟಿಕೆಟ್ಟು ಎಲ್ಲ ಅವರ ಬಳಿಯೇ. ಮರುದಿನ ಹಿಮ ಕುಸಿದು ಹಳಿ ಮುಚ್ಚಿತು.

ಹಳಿ ತೆರವಾಗುವ ತನಕ ನಾವು ಆ ಮನೆಯೊಳಗೆ ಕೂತೆವು. ಹಿಮ ಕೆಳಗಿನ ಕಿಟಕಿಗಳನ್ನು ಮುಚ್ಚಿತ್ತು, ಹಗಲಲ್ಲೂ ದೀಪ. ಅವನ ಬೆರಳುಗಳು ನೀಲಿಯಾಗಿ, ಆಮೇಲೆ ಕಪ್ಪಾದವು. ಗೋಲ್‌ಕೀಪರ್ ತಮಾಷೆ ಮರೆತು ಅವನ ಹಾಸಿಗೆಯ ಬುಡದಲ್ಲಿ ಕೂತಿರುತ್ತಿದ್ದ. ಸೆಂಟರ್ ಹಾಫ್ ಕೇಳುತ್ತಿದ್ದುದು ಒಂದೇ: "ಬ್ಯಾಸಗಿ ಅನ್ನೂದರಾಗ ಆರತೈತಿಲ್ಲಣ್ಣಾ? ಗುಂತಕಲ್ಲಿಗೆ ಹೋಗಬೇಕಲ್ಲ."

ಕ್ಲಬ್ಬಿನ ಕಾರ್ಯದರ್ಶಿ ಅವನನ್ನು ನೋಡಲು ಬಂದರು. ತಡವರಿಸುವ ಇಂಗ್ಲಿಷಿನಲ್ಲಿ ನನಗೆ ಹೇಳಿದರು: ವಸಂತ ಬರುವ ತನಕ ಹುಲ್ಲೇ ಕಾಣುವುದಿಲ್ಲ, ಹಾಕಿ ಸಾಧ್ಯವಿಲ್ಲವೆಂದು ನಿಮ್ಮ ಮ್ಯಾನೇಜರರಿಗೆ ಮೊದಲೇ ತಿಳಿಸಿದ್ದೆವು, ಹುಡುಗರು ಹಿಮ ನೋಡಲೆಂದೇ ಬರುತ್ತಿದ್ದಾರೆ, ಅದು ಅವರಿಗೆ ಗೊತ್ತು ಎಂದು ಮ್ಯಾನೇಜರರೇ ಉತ್ತರಿಸಿದ್ದರು.

ಕೊನೆಗೆ ಕಣಿವೆಯ ಆಸ್ಪತ್ರೆಯಲ್ಲಿ ಬಲಗಾಲಿನ ಎಲ್ಲ ಬೆರಳುಗಳನ್ನೂ ಎಡಗಾಲಿನ ಹೆಬ್ಬೆರಳನ್ನೂ ತೆಗೆದರು. ವಕೀಲರು ಆ ಆಸ್ಪತ್ರೆಗೆ ಬಂದಾಗ, ಕಾರ್ಯದರ್ಶಿಗಳ ಮಾತನ್ನು ಅವರ ಮುಂದಿಟ್ಟೆ. ಅಲ್ಲಗಳೆಯಲಿಲ್ಲ.

"ನಾ ಏನು ಸುಳ್ಳು ಹೇಳೀನೇನು? ಮಂಜು ಅಂತ ಅವರವ್ವಗ ಹೇಳಿದ್ದೆ. ಪುಸ್ತಕದಾಗೂ ಅದನ್ನ ಹಂಗ ಬರೀತಾರ. ನೀ ಓದಿದವ, ನಿನಗ ಗೊತ್ತಿಲ್ಲೇನು?"

ಹಾಸಿಗೆಯಲ್ಲಿದ್ದವನು ಗೋಡೆಯ ಕಡೆ ಹೊರಳಿದ. ಕೋರ್ಟಿನಲ್ಲಿ ನಿಲ್ಲುವ ಮಾತು ಅದು. ಅದಕ್ಕಾಗಿಯೇ ಆರಿಸಿದ ಮಾತು.

ಈಗ ಅವನು ಬೆಳಗಲ್ಲಿನಲ್ಲಿದ್ದಾನೆ. ಗುಂತಕಲ್ಲಿಗೆ ನಾನೇ ಜೊತೆಗೆ ಹೋಗಿದ್ದೆ. ರೈಲ್ವೆಯ ಅಧಿಕಾರಿ ಅವನ ನಡಿಗೆಯನ್ನು ಮೈದಾನದ ಅಂಚಿನಿಂದಲೇ ನೋಡಿ, ಕೂರಿಸಿ ಚಹ ಕೊಟ್ಟು ಕಳಿಸಿದರು. ಕುರಿಗಳ ಹಿಂದೆ ನಡೆಯಲೂ ಅವನಿಗೆ ಆಗುತ್ತಿಲ್ಲ. ಪ್ರೆಸ್ಸಿನಲ್ಲಿ ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದಾರೆ. ಸಂಘದ ಸಭೆಯಲ್ಲಿ ನಾನು ಈ ವಿಷಯವನ್ನು ಎತ್ತಿದಾಗ, ಪ್ರವಾಸ ಯಶಸ್ವಿಯಾಯಿತೆಂದು ನಿರ್ಣಯ ಮಾಡಿ ಎಲೆ ಅಡಿಕೆ ಹಂಚಿದರು.

ಆದಕಾರಣ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರಲ್ಲಿ ನನ್ನ ಅರಿಕೆ. ತಾವು ಊರವರೆದುರು, ಬಾಗಿಲು ಮುಚ್ಚದ ಸಭೆಯನ್ನು ಕರೆಯಬೇಕು. ಆಟ ನಡೆಯುವುದಿಲ್ಲವೆಂಬ ಸಂಗತಿ ಆ ಇಬ್ಬರಿಗೆ ಯಾವಾಗ ತಿಳಿಯಿತು, ತಿಳಿದ ಮೇಲೂ ಏಕೆ ಹೊರಟರು, ಕಾಲು ಮರಗಟ್ಟಿದೆಯೆಂದು ಕೇಳಿದ ಮೇಲೂ ಅವನನ್ನು ಮತ್ತೆ ಏಕೆ ಏರಿಸಿದರು ಎಂಬುದಕ್ಕೆ ಅಧ್ಯಕ್ಷರೂ ಮ್ಯಾನೇಜರರೂ ಅಲ್ಲಿ ಬಾಯಿಬಿಟ್ಟು ಉತ್ತರ ಕೊಡಬೇಕು. ಉತ್ತರ ಕೊಡುವ ತನಕ ಇಬ್ಬರೂ ಸಂಘದ ಅಧಿಕಾರದಿಂದ ದೂರವಿರಬೇಕು. ಅವನ ಕಾಲಿನ ಚಿಕಿತ್ಸೆಯನ್ನು ಸಂಘ ವಹಿಸಿಕೊಳ್ಳಬೇಕು. ಕೂತು ಮಾಡುವ ಒಂದು ಕಾಯಂ ಕೆಲಸವನ್ನು ಸಾಹುಕಾರರ ಪ್ರೆಸ್ಸಿನಲ್ಲಿಯೇ ಅವನಿಗೆ ಕೊಡಿಸಬೇಕು. ಮತ್ತು ಸಮಿತಿಯವರಲ್ಲಿ ಒಬ್ಬರಾದರೂ ಬೆಳಗಲ್ಲಿಗೆ ಹೋಗಿ, ಆ ತಾಯಿಗೆ ನಡೆದದ್ದನ್ನು ಆಕೆಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ತಮ್ಮ ಉತ್ತರವನ್ನು ನಾನು ಬರವಣಿಗೆಯಲ್ಲಿ ನಿರೀಕ್ಷಿಸುತ್ತೇನೆ.